ಬೇರಿಯಾಟ್ರಿಕ್ ಸರ್ಜರಿ ಆದ್ಮೇಲೆ ಪ್ರೋಟೀನ್ ಹೊಟ್ಟೆಗಿಳಿಸೋದು ಹೇಗೆ: ಮುದ್ದೆ ನುಂಗಿ ಬೆಳೆದವನ ಅನುಭವ

ತೂಕ ಇಳಿಸೋಕೆ ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್‌ಗೆ ಬೇರಿಯಾಟ್ರಿಕ್ ಸರ್ಜರಿ ಅಂತಾರೆ, ಅದ್ರಲ್ಲಿ ಸ್ಲೀವ್ ಅನ್ನೋ ಥರದ್ದು ಆಗಿ ನಂಗೆ ಒಂದೂವರೆ ವರ್ಷ ಆಯ್ತು. ಆವತ್ತಿಂದ ತಿಂಗಳಿಗೊಬ್ಬರಾದ್ರೂ ಫೋನ್ ಮಾಡಿ ಇದನ್ನೇ ಕೇಳ್ತಾರೆ, "ಡಯಟೀಷಿಯನ್ ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂತ ಬರೆದು ಕೊಟ್ಟವ್ರೆ, ನಂಗೆ ನಾಕು ಚಮಚ ತಿನ್ನೋಷ್ಟರಲ್ಲಿ ಸಾಕಾಗೋಗತ್ತೆ, ಎಲ್ಲಿಂದ ತರೋದು ಮಾರಾಯ?" ಪ್ರತಿ ಸಲ ಅರ್ಧ ಗಂಟೆ ಹೇಳಿ ಹೇಳಿ ಗಂಟಲು ನೋವು, ಅದಕ್ಕೇ ಬರೆದೇ ಬಿಡೋಣ ಅಂತ. ನಾನು ಡಾಕ್ಟ್ರಲ್ಲ, ಮಂಡ್ಯ ಕಡೆಯ ಮುದ್ದೆ ಕೋಳಿಸಾರಿನ ಮನೆಯವನು. ನಿಮ್ಮ ಆಸ್ಪತ್ರೆಯವರು ಕೊಟ್ಟಿರೋ ಚೀಟಿಗೂ ನಾನು ಹೇಳೋದಕ್ಕೂ ವ್ಯತ್ಯಾಸ ಬಂದ್ರೆ ಚೀಟಿನೇ ಫೈನಲ್, ಅದ್ರಲ್ಲೂ ಕಿಡ್ನಿ ತೊಂದ್ರೆ ಇರೋರು ಗ್ರಾಂ ಲೆಕ್ಕನ ಡಾಕ್ಟ್ರ ಬಾಯಿಂದಲೇ ಕೇಳ್ಕೊಳ್ಳಿ.

ಮೊದ್ಲು ಒಳಗೆ ಏನಾಗಿದೆ ಅಂತ ತಿಳ್ಕೊಂಡ್ರೆ ಅರ್ಧ ಗೊಂದಲ ಹೋಗತ್ತೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಹಾಕಿ ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಕೊಳವೆ ಉಳಿಸಿರ್ತಾರೆ, ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸೋ ಇನ್ನೊಂದು ಥರದ ಆಪರೇಷನ್) ಆದ್ರೆ ಇನ್ನೂ ಚಿಕ್ಕದು, ಸುಮಾರು 30 ಎಂಎಲ್ ಹಿಡಿಯೋ ಚೀಲ, ಅಂದ್ರೆ ಕೆಮ್ಮಿನ ಸಿರಪ್ ಬಾಟಲಿ ಮೇಲೆ ಬರೋ ಪ್ಲಾಸ್ಟಿಕ್ ಮುಚ್ಚಳದಲ್ಲಿ ಎರಡು ಮೂರು ಮುಚ್ಚಳ. ಸಾಲದ್ದಕ್ಕೆ ಆಪರೇಷನ್ ಆದ ಜಾಗ ಊದಿಕೊಂಡಿರತ್ತೆ. ಈ ಕಡೆ ದೇಹ ದಡದಡ ತೂಕ ಇಳಿಸ್ತಿರತ್ತೆ, ಪ್ರೋಟೀನ್ ಸಾಕಷ್ಟು ಬರ್ಲಿಲ್ಲ ಅಂದ್ರೆ ಕೊಬ್ಬಿನ ಜೊತೆ ಮಾಂಸಖಂಡನೂ ಕರಗಿಸ್ಕೊಂಡು ತಿಂದ್ಬಿಡತ್ತೆ, ಒಳಗಿನ ಹೊಲಿಗೆ ಮಾಯೋಕೂ ಅದೇ ಬೇಕು. ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಬಾಚಣಿಗೆ ತುಂಬ ಕೂದಲು ಬರತ್ತೆ, ಅದು ಎಲ್ಲ ಸರಿ ತಿಂದೋರಿಗೂ ಸ್ವಲ್ಪ ಆಗೇ ಆಗತ್ತೆ, ಆಮೇಲೆ ವಾಪಸ್ ಬೆಳಿಯತ್ತೆ, ಆದ್ರೆ ಪ್ರೋಟೀನ್ ಕಮ್ಮಿ ಇದ್ರೆ ಉದುರೋದು ನಿಲ್ಲೋದು ಕಷ್ಟ. ಸಾಮಾನ್ಯವಾಗಿ ಹೇಳೋದು ದಿನಕ್ಕೆ 60ರಿಂದ 80 ಗ್ರಾಂ.

ಈಗ ನಮ್ಮ ಮನೆಗಳಲ್ಲಿ ಆಗೋ ದೊಡ್ಡ ಎಡವಟ್ಟು ಹೇಳ್ತೀನಿ. ಆಸ್ಪತ್ರೆಯಿಂದ ಬಂದೋರಿಗೆ ಮೆತ್ತಗಿರೋದು ಕೊಡ್ಬೇಕು ಅಂತ ಎಲ್ರಿಗೂ ಗೊತ್ತು, ಆದ್ರೆ ನಮ್ಮ ಅಡುಗೆಮನೇಲಿ ಮೆತ್ತಗಿರೋದೆಲ್ಲ ಹಿಟ್ಟು, ಅಕ್ಕಿ. ನಮ್ಮಮ್ಮ ಮೊದಲನೇ ವಾರ ಪೂರ್ತಿ ರಾಗಿ ಗಂಜಿ ಕುಡಿಸಿದ್ಳು, ಪಾಪ ಪ್ರೀತಿಗೆ, "ರಾಗಿ ತಿಂದವ ನಿರೋಗಿ" ಅಂತ ಬೇರೆ. ರಾಗಿ ಒಳ್ಳೇದೇ, ಕ್ಯಾಲ್ಸಿಯಂ ಇದೆ, ಯಾರು ಬೇಡ ಅಂದ್ರು, ಆದ್ರೆ 100 ಗ್ರಾಂ ಹಿಟ್ಟಲ್ಲಿ ಪ್ರೋಟೀನ್ ಇರೋದು 7 ಗ್ರಾಂ, ಒಂದು ಲೋಟ ಗಂಜಿಗೆ ಎರಡು ಚಮಚ ಹಿಟ್ಟು ಹಾಕಿದ್ರೆ ಒಂದೋ ಒಂದೂವರೆನೋ ಗ್ರಾಂ ಸಿಗತ್ತೆ ಅಷ್ಟೇ. ತಿಳಿಸಾರೂ ಹಂಗೇ, ಬೇಳೆ ತಳದಲ್ಲಿ ಕೂತಿರತ್ತೆ, ನಿಮ್ಮ ಲೋಟಕ್ಕೆ ಬರೋದು ಹುಳಿ ಖಾರದ ನೀರು. ಒಂದು ಇಡ್ಲಿಲಿ 2 ಗ್ರಾಂ ಆಸುಪಾಸು. ಕಾಲು ಸೂಪಿನ ವಿಷ್ಯಕ್ಕೆ ನಮ್ಮ ದೊಡ್ಡಪ್ಪನಿಗೂ ನಂಗೂ ಜಗಳನೇ ಆಯ್ತು, ಮೂಳೆ ಬೇಯಿಸಿದ ನೀರಲ್ಲಿ ಬರೋದು ಬಹುತೇಕ ಜಿಲೆಟಿನ್, ಅದು ಅರೆಬರೆ ಪ್ರೋಟೀನು, ದೇಹಕ್ಕೆ ಬೇಕಾದ ಅಮೈನೋ ಆಸಿಡ್, ಅಂದ್ರೆ ಪ್ರೋಟೀನ್ ಕಟ್ಟೋ ಇಟ್ಟಿಗೆಗಳು, ಎಲ್ಲಾ ಅದ್ರಲ್ಲಿಲ್ಲ. ಗಂಟಲಿಗೆ ಹಿತ, ಕುಡೀರಿ, ಲೆಕ್ಕಕ್ಕೆ ಮಾತ್ರ ಹಿಡೀಬೇಡಿ. ಈಗ ಎಲ್ಲಾ ಕಡೆ ಮಾರೋ ಕೊಲಾಜನ್ ಪೌಡರ್‌ಗೂ ಇದೇ ಮಾತು.

ಹಂಗಾಗಿ ತಟ್ಟೆ ಮುಂದೆ ಕೂತಾಗ ನಾನು ಎರಡೇ ಪ್ರಶ್ನೆ ಕೇಳ್ಕೊಳ್ಳೋದು. ಇದ್ರಲ್ಲಿ ಪ್ರೋಟೀನ್ ಇದ್ಯಾ? ಇದು ಒದ್ದೆ ಇದ್ಯಾ? ಎರಡನೇದು ನಂಗೆ ಯಾರೂ ಹೇಳ್ಲಿಲ್ಲ, ಒದ್ದಾಡಿ ಕಲಿತಿದ್ದು. ಪ್ರೋಟೀನ್ ಜಾಸ್ತಿ ಇರೋ ಪದಾರ್ಥಗಳೇ ಒಣಗಿದ್ರೆ ಸಿಕ್ಕಾಕೊಳ್ಳೋದರಲ್ಲಿ ನಂಬರ್ ಒನ್, ಒಣ ಚಿಕನ್ ಬ್ರೆಸ್ಟು, ಗಟ್ಟಿ ಬೇಯಿಸಿದ ಮೊಟ್ಟೆಯ ಹಳದಿ, ಹೆಂಚಲ್ಲಿ ಕೆಂಪಗೆ ಹುರಿದ ಪನೀರು ಇವೆಲ್ಲ. ಪರೀಕ್ಷೆ ಸುಲಭ, ಚಮಚದ ಬೆನ್ನಲ್ಲಿ ಒತ್ತಿದ್ರೆ ಸಲೀಸಾಗಿ ಹಿಸುಕಿ ಹೋಗ್ಬೇಕು, ಹಿಸುಕಿದಾಗ ತೇವ ಕಾಣ್ಬೇಕು. ಪುಡಿಪುಡಿ ಆದ್ರೆ ಅಥವಾ ರಬ್ಬರ್ ಥರ ವಾಪಸ್ ಎದ್ರೆ ಇವತ್ತಿಗೆ ಬೇಡ. ಒದ್ದೆ ಅಂದ್ರೆ ಸಾರಲ್ಲಿ ತೇಲಿಸೋದಲ್ಲ ಮತ್ತೆ, ಗಟ್ಟಿ ಗ್ರೇವಿ ಮೆತ್ಕೊಂಡಿರಬೇಕು ಅಷ್ಟೇ, ಊಟದ ಜೊತೆ ನೀರು ಸಾರು ಸುರಿದ್ರೆ ಇರೋ ಚೂರು ಜಾಗನೂ ನೀರೇ ತಿನ್ನತ್ತೆ. ಊಟ ಆಗಿ ಅರ್ಧ ಗಂಟೆ ನೀರು ಮುಟ್ಬೇಡಿ, ಮಿಕ್ಕ ಹೊತ್ತಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಿ.

ಹಂತಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗತ್ತೆ, ಸುಮಾರಾಗಿ ಹೀಗೆ: ಮೊದಲೊಂದೆರಡು ದಿನ ತಿಳಿನೀರು, ಆಮೇಲೆ ಎರಡು ವಾರದವರೆಗೆ ಕುಡಿಯೋ ಪದಾರ್ಥ, ಮೂರು ನಾಕನೇ ವಾರ ನುಣ್ಣಗೆ ರುಬ್ಬಿದ್ದು, ಐದು ಆರನೇ ವಾರ ಮೆತ್ತಗಿರೋದು, ಎರಡು ತಿಂಗಳ ಹೊತ್ತಿಗೆ ಮಾಮೂಲಿ ಊಟದ ಕಡೆಗೆ. ಹಸಿವೇ ಇಲ್ಲ ಚೆನ್ನಾಗೇ ಇದೀನಿ ಅಂತ ಒಂದು ಹಂತ ಹಾರಿ ಹೋಗ್ಬೇಡಿ, ಒಳಗೆ ಹೊಟ್ಟೆಗೆ ಪಿನ್ ಹೊಡೆದು ಮುಚ್ಚಿರೋ ಸ್ಟೇಪಲ್ ಲೈನ್‌ಗೆ ನಿಮ್ಮ ಹುಮ್ಮಸ್ಸು ಗೊತ್ತಾಗಲ್ಲ.

ಕುಡಿಯೋ ಹಂತದಲ್ಲಿ ಹಾಲು, ಮಜ್ಜಿಗೆ, ವೇ ಪ್ರೋಟೀನ್

100 ಎಂಎಲ್ ಹಾಲಲ್ಲಿ 3 ಗ್ರಾಂ ಪ್ರೋಟೀನ್, ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲು ಸಾಕು, ಕೆನೆ ಬೇಡ. ಅದೇ ಹಾಲಿಗೆ ಕೊಬ್ಬಿಲ್ಲದ ಹಾಲಿನ ಪುಡಿ ಒಂದು ದೊಡ್ಡ ಚಮಚ ಕದಡಿದ್ರೆ ಎರಡೂವರೆ ಗ್ರಾಂ ಮೇಲೆ ಸಿಗತ್ತೆ, ಅಳತೆ ಹೆಚ್ಚಾಗಲ್ಲ ಪ್ರೋಟೀನ್ ಹೆಚ್ಚಾಗತ್ತೆ, ಈ ಟ್ರಿಕ್ ಮೊಸರಿಗೂ ನಡಿಯತ್ತೆ. ಆದ್ರೆ ಸರ್ಜರಿ ಆದ್ಮೇಲೆ ಎಷ್ಟೋ ಜನಕ್ಕೆ ಹಾಲು ಆಗಿಬರಲ್ಲ, ಕುಡಿದ ಅರ್ಧ ಗಂಟೆಗೆ ಹೊಟ್ಟೆ ಗುಡುಗುಡು ಅಂದು ಬಾತ್ರೂಮಿಗೆ ಓಡೋ ಹಂಗಾಗತ್ತೆ, ಹಾಲಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಅರಗದ ಸಮಸ್ಯೆ ಅದು, ಅಂಥೋರು ಮೊಸರು ಮಜ್ಜಿಗೆ ನೋಡಿ, ಅದೂ ಆಗ್ಲಿಲ್ಲ ಅಂದ್ರೆ ವೇ ಐಸೊಲೇಟ್ ಅನ್ನೋ, ಹಾಲಿಂದಲೇ ತೆಗೆದ ಪ್ರೋಟೀನ್ ಪೌಡರ್ ತಗೊಳ್ಳಿ, ಅದ್ರಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಒಂದು ಸ್ಕೂಪಲ್ಲಿ 25 ಗ್ರಾಂ ಹತ್ತಿರ ಇರತ್ತೆ, ಮೊದಲ ಒಂದು ತಿಂಗಳು ಇದಿಲ್ದೆ 60 ಮುಟ್ಟೋದು ನಂಗಂತೂ ಆಗ್ಲಿಲ್ಲ.

ಪೌಡರ್ ವಿಷ್ಯದಲ್ಲಿ ನಾನು ಮಾಡಿದ ದಡ್ಡತನ: ಆಪರೇಷನ್‌ಗೆ ಮುಂಚೆನೇ ಆಫರ್ ಇತ್ತು ಅಂತ ಎರಡು ಕೆಜಿ ಚಾಕೊಲೇಟ್ ಫ್ಲೇವರ್ ಡಬ್ಬ ತಂದಿಟ್ಟೆ. ಆಪರೇಷನ್ ಆದ್ಮೇಲೆ ನಾಲಿಗೆ ರುಚಿನೇ ಬದಲಾಗೋಯ್ತು, ಸಿಹಿ ವಾಸನೆ ಬಂದ್ರೆ ವಾಕರಿಕೆ. ಡಬ್ಬ ಕೊನೆಗೆ ಜಿಮ್‌ಗೆ ಹೋಗೋ ಬಾಮೈದನ ಪಾಲಾಯ್ತು, ಅವನಿಗೆ ನನ್ನ ಆಪರೇಷನ್ನೇ ಲಾಭ. ಅದಕ್ಕೇ ಹೇಳೋದು, ಮೊದ್ಲು ಒಂದೊಂದು ಸ್ಯಾಶೆ ತಂದು ನೋಡಿ, ಫ್ಲೇವರ್ ಇಲ್ಲದ್ದು ಒಂದಿರಲಿ, ಅದನ್ನ ಉಪ್ಪು ಜೀರಿಗೆ ಹಾಕಿದ ಮಜ್ಜಿಗೆಗೋ ತೆಳು ಬೇಳೆಕಟ್ಟಿಗೋ ಸೇರಿಸ್ಬಹುದು. ಕುದಿಯೋದಕ್ಕೆ ಹಾಕ್ಬೇಡಿ, ಗಂಟು ಗಂಟಾಗತ್ತೆ, ಉಗುರುಬೆಚ್ಚಗಾದ್ಮೇಲೆ ಹಾಕಿ. ಮೆಡಿಕಲ್ ಶಾಪಲ್ಲಿ ಹೆಲ್ತ್ ಡ್ರಿಂಕ್ ಅಂತ ಕೊಡೋ ಡಬ್ಬ ತಿರುಗಿಸಿ ಹಿಂದೆ ಓದಿ, ಮಾಲ್ಟು ಸಕ್ಕರೆ ಮೊದಲ ಸಾಲಲ್ಲೇ ಇದ್ರೆ ವಾಪಸ್ ಇಡಿ, ಬೈಪಾಸ್ ಆದೋರಿಗಂತೂ ಸಕ್ಕರೆ ಜಾಸ್ತಿ ಹೋದ್ರೆ ಡಂಪಿಂಗ್ ಅಂತ ಆಗತ್ತೆ, ಎದೆ ಡವಡವ, ಬೆವರು, ತಲೆಸುತ್ತು, ಭೇದಿ, ಒಂದ್ಸಲ ಆದ್ರೆ ಜನ್ಮದಲ್ಲಿ ಮರಿಯಲ್ಲ.

ಕುಡಿಯೋದು ಹೇಗೆ ಅನ್ನೋದೂ ಮುಖ್ಯ. ಸ್ಟ್ರಾ ಬೇಡ, ಗಾಳಿ ಹೋಗತ್ತೆ. ಅಮ್ಮ ಅಟ್ಟದ ಮೇಲಿಂದ ನನ್ನ ಮಗಳಿಗೆ ಹಾಲು ಕುಡಿಸ್ತಿದ್ದ ಒಳಲೆ ತೆಗೆದು ತಂದಿಟ್ಳು, ಮೊದ್ಲು ನಗು ಬಂತು, ಆಮೇಲೆ ನೋಡಿದ್ರೆ ಅದೇ ಸರಿಯಾದ ಅಳತೆ, ಒಂದು ಒಳಲೆ ಹದಿನೈದು ನಿಮಿಷ.

ರುಬ್ಬಿದ್ದು, ಮೆತ್ತಗಿರೋದು

ಮೊಟ್ಟೆಯಿಂದ ಶುರು ಮಾಡಿ, ಒಂದು ಮೊಟ್ಟೆ 6 ಗ್ರಾಂ, ಅಗ್ಗ, ಎಲ್ಲಾ ಅಂಗಡೀಲಿ ಸಿಗತ್ತೆ. ಆದ್ರೆ ಬೇಯಿಸೋ ರೀತಿಲಿ ಇರೋದು ಎಲ್ಲಾ. ನಾನು ಮಾಡ್ತಿದ್ದಿದ್ದು ಆವಿ ಮೊಟ್ಟೆ: ಒಂದು ಮೊಟ್ಟೆಗೆ ನಾಕು ಚಮಚ ಹಾಲು, ಚಿಟಿಕೆ ಉಪ್ಪು ಮೆಣಸಿನಪುಡಿ, ನೊರೆ ಬರದ ಹಂಗೆ ಕಲಸಿ ಜರಡೀಲಿ ಸೋಸಿ ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ, ಆವಿ ನೀರು ಬೀಳದ ಹಂಗೆ ಮೇಲೊಂದು ತಟ್ಟೆ ಮುಚ್ಚಿ ಇಡ್ಲಿ ಪಾತ್ರೇಲಿ ಸಣ್ಣ ಉರಿಗೆ ಎಂಟ್ಹತ್ತು ನಿಮಿಷ. ಇಡ್ಲಿ ತಟ್ಟೆಗೇ ಡೈರೆಕ್ಟಾಗಿ ಹಾಕೋಕೆ ಹೋಗಿ ತೂತಿಂದ ಎಲ್ಲಾ ಸೋರಿ ಹೋಯ್ತು ಒಂದಿನ, ಅದನ್ನ ಮಾಡ್ಬೇಡಿ. ಬೆಂದ್ಮೇಲೆ ಗಿಣ್ಣಿನ ಥರ ಅಲುಗಾಡ್ಬೇಕು. ಬುರ್ಜಿ ಮಾಡೋದಾದ್ರೆ ಹಾಲು ಹಾಕಿ ಸಣ್ಣ ಉರೀಲಿ, ಇನ್ನೂ ಸ್ವಲ್ಪ ಹಸಿ ಅನ್ನೋ ಹಾಗಿರುವಾಗ್ಲೇ ಒಲೆ ಆಫ್ ಮಾಡಿ ಮುಚ್ಚಿಡಿ, ಪಾತ್ರೆ ಬಿಸಿಗೇ ಪೂರ್ತಿ ಬೇಯತ್ತೆ. ಗಿಣ್ಣು ಅಂದಾಗ ನೆನಪಾಯ್ತು, ಊರಲ್ಲಿ ಹಸು ಕರು ಹಾಕಿ ಗಿಣ್ಣುಹಾಲು ಸಿಕ್ಕಿದ್ರೆ ಬಿಡ್ಬೇಡಿ, ಮೊದಲ ದಿನದ ಗಿಣ್ಣುಹಾಲಲ್ಲಿ ಮಾಮೂಲಿ ಹಾಲಿಗಿಂತ ಎಷ್ಟೋ ಪಟ್ಟು ಪ್ರೋಟೀನ್ ಇರತ್ತೆ, ಬೆಲ್ಲ ಮಾತ್ರ ಹಾಕದೆ ಬರೀ ಏಲಕ್ಕಿ ಹಾಕಿ ಚೆನ್ನಾಗಿ ಬೇಯಿಸಿ ತಿನ್ನಿ.

ಮೊಸರನ್ನ ಬಟ್ಟೇಲಿ ಕಟ್ಟಿ ರಾತ್ರಿ ಫ್ರಿಜ್ಜಲ್ಲಿ ನೇತುಹಾಕಿದ್ರೆ ಬೆಳಿಗ್ಗೆ ಗಟ್ಟಿ ಮೊಸರು ರೆಡಿ. ಮೂರು ನಾಕು ಚಮಚಕ್ಕೆ 4 ಗ್ರಾಂ, ಹಾಲಿನ ಪುಡಿ ಬೆರೆಸಿದ್ರೆ 6. ಸಪ್ಪೆ ಅನ್ಸಿದ್ರೆ ಶುಂಠಿ ರಸ, ಇಂಗು, ಸ್ವಲ್ಪ ಉಪ್ಪು, ಒಗ್ಗರಣೆಯ ಸಾಸಿವೆ ಬೇಡ, ಆ ಹಂತದಲ್ಲಿ ಸಾಸಿವೆ ಕಾಳು ಕೂಡ ಗೊತ್ತಾಗತ್ತೆ ಗಂಟಲಿಗೆ.

ಬೇಳೆಗಳಲ್ಲಿ ಹೆಸರುಬೇಳೆ ಬೆಸ್ಟು, ಬೇಗ ಕರಗತ್ತೆ, ಗ್ಯಾಸ್ ಕಮ್ಮಿ. ನೀರು ಕಮ್ಮಿ ಹಾಕಿ ಕುಕ್ಕರ್‌ನಲ್ಲಿ ಎರಡು ವಿಷಲ್ ಜಾಸ್ತಿನೇ ಕೂಗಿಸಿ, ಮಿಕ್ಸಿಗೆ ಹಾಕಿ ತೊವ್ವೆ ಥರ ಮಾಡ್ಕೊಳ್ಳಿ. 30 ಗ್ರಾಂ ಒಣ ಬೇಳೆಗೆ 7 ಗ್ರಾಂ ಪ್ರೋಟೀನ್ ಇರತ್ತೆ, ಆದ್ರೆ ಬೆಂದ್ಮೇಲೆ ಅದು ಒಂದು ಬಟ್ಟಲಾಗತ್ತೆ, ನಿಮ್ಮ ಹೊಟ್ಟೆಗೆ ಅರ್ಧ ಬಟ್ಟಲೇ ಜಾಸ್ತಿ. ಅದಕ್ಕೇ ಬರೀ ಬೇಳೆ ನಂಬ್ಕೊಂಡ್ರೆ ಆಗಲ್ಲ, ಅದಕ್ಕೆ ಹಿಸುಕಿದ ಪನೀರೋ ಫ್ಲೇವರ್ ಇಲ್ಲದ ಪೌಡರೋ ಬೆರೆಸ್ಬೇಕು. ಕಾಳುಗಳು ಸಿಪ್ಪೆ ಸಮೇತ ತಡವಾಗಿ ಬರಲಿ. ಅವರೆಕಾಯಿ ಸೀಸನ್‌ನಲ್ಲಿ ಆಪರೇಷನ್ ಆಗಿ ಎರಡು ತಿಂಗಳಾಗಿದ್ರೆ ನೀವು ಪುಣ್ಯವಂತರು, ಹಿತಕಿದ ಬೇಳೆಲಿ ಸಿಪ್ಪೆ ತೊಂದ್ರೆನೇ ಇಲ್ಲ, ಬೆಣ್ಣೆ ಥರ ಬೇಯತ್ತೆ, ತೆಂಗಿನಕಾಯಿ ಮಸಾಲೆ ನುಣ್ಣಗೆ ರುಬ್ಬಿ ಗಟ್ಟಿಗೆ ಮಾಡಿದ್ರೆ ಮುದ್ದೆ ಇಲ್ದೇನೂ ಸೊಗಸು. ಮೊದ್ಲು ಎರಡು ಚಮಚ ತಿಂದು ನೋಡಿ, ಗ್ಯಾಸ್ ಆಗೋರಿಗೆ ಆಗತ್ತೆ.

ಪನೀರ್ 100 ಗ್ರಾಮಿಗೆ 18 ಗ್ರಾಂ ಪ್ರೋಟೀನು, ಸಸ್ಯಾಹಾರಿಗಳಿಗೆ ಇದೇ ಆಧಾರ. ಅಂಗಡಿ ಪನೀರ್ ಗಟ್ಟಿ ಇದ್ರೆ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ತುರಿದು ಮೊಸರಲ್ಲಿ ಕಲಸಿ, ಇಲ್ಲಾಂದ್ರೆ ಮನೇಲೇ ಹಾಲು ಒಡೆದು ಹಿಂಡದೆ ಹಂಗೇ ಒದ್ದೊದ್ದೆಯಾಗಿ ತಿನ್ನಿ. ಸೋಯಾ ಚಂಕ್ಸ್ ಒಣಗಿದ್ದು 100 ಗ್ರಾಮಿಗೆ 50 ಗ್ರಾಂ ದಾಟತ್ತೆ ನಿಜ, ಆದ್ರೆ ಸ್ಪಂಜು ಥರ, ಸರಿಯಾಗಿ ಬೇಯಿಸಿ ಹಿಂಡಿ ಮಿಕ್ಸಿಲಿ ಪುಡಿ ಮಾಡಿ ಗ್ರೇವಿಗೆ ಹಾಕಿದ್ರೆ ಮಾತ್ರ ಸರಿ. ಟೋಫು ನಂಗೆ ಸೇರಲ್ಲ, ಮೆತ್ತಗಿನ ಟೋಫು ತಿನ್ನೋಕಾದ್ರೆ ತಿನ್ನಿ.

ಮಾಂಸದೂಟದೋರಿಗೆ ಕೋಳಿಗಿಂತ ಮುಂಚೆ ಮೀನು. ಮೀನಿನ ಎಳೆ ಸಣ್ಣದು, ಬೇಯಿಸಿದ್ರೆ ಪದರ ಪದರವಾಗಿ ಬಿಟ್ಕೊಳ್ಳತ್ತೆ. ಕಾಣೆ ಸಿಕ್ರೆ ಚಿನ್ನ, ಅಂಜಲ್ ಆಗತ್ತೆ ಆದ್ರೆ ಜಾಸ್ತಿ ಬೇಯಿಸಿದ್ರೆ ಒಣಗತ್ತೆ. ಕೆರೆ ಮೀನಲ್ಲಿ ಸಣ್ಣ ಮುಳ್ಳು ಜಾಸ್ತಿ, ನಾಲಿಗೆ ನಂಬ್ಬೇಡಿ, ಬೆರಳಲ್ಲಿ ಒತ್ತಿ ಒತ್ತಿ ನೋಡಿ ತೆಗೀರಿ. ರವಾ ಫ್ರೈ ತವಾ ಫ್ರೈ ಎಲ್ಲಾ ಆಮೇಲೆ, ಈಗ ಗಸಿ ಥರ ಗಟ್ಟಿ ಗ್ರೇವಿ, ಖಾರ ಅರ್ಧಕ್ಕರ್ಧ. 50 ಗ್ರಾಂ ಮೀನಿಗೆ 10 ಗ್ರಾಂ ಪ್ರೋಟೀನು.

ಕೋಳಿ ಅಂದ್ರೆ ಫಾರಂ ಕೋಳಿ, ತೊಡೆ ಭಾಗ. ನಾಟಿಕೋಳಿ ರುಚಿ ಗೊತ್ತಿರೋನಿಗೆ ಇದು ಅವಮಾನ ಅಂತ ನಂಗೂ ಗೊತ್ತು, ಆದ್ರೆ ನಾಟಿಕೋಳಿ ನಾರು ಹೊಸ ಹೊಟ್ಟೆಗೆ ಹಗ್ಗ ಇದ್ದ ಹಂಗೆ. ತೊಡೆ ಮಾಂಸ ಕೀಮಾ ಮಾಡಿಸಿ, ಮೊಸರು ಶುಂಠಿ ಬೆಳ್ಳುಳ್ಳಿಲಿ ನೆನೆಸಿ ಕುಕ್ಕರಲ್ಲಿ ಬೇಯಿಸಿ ಅದರ ರಸದಲ್ಲೇ ಬಿಡಿ. ಮೈಕ್ರೋವೇವಲ್ಲಿ ಬಿಸಿ ಮಾಡೋ ಚಿಕನ್ ಬಗ್ಗೆ ಎಚ್ಚರ, ಮಧ್ಯಾಹ್ನ ಮೆತ್ತಗಿದ್ದಿದ್ದು ರಾತ್ರಿ ತೆಂಗಿನನಾರು ಆಗಿರತ್ತೆ, ಎರಡು ಚಮಚ ಸಾರು ಹಾಕಿ ಮುಚ್ಚಿ ಒಲೆ ಮೇಲೇ ಬಿಸಿ ಮಾಡ್ಕೊಳ್ಳಿ. ಮಟನ್ ಎಲ್ಲಕ್ಕಿಂತ ಕೊನೆಗೆ, ಅದೂ ಕೈಮಾ ಉಂಡೆಯಾಗಿ.

ಮುದ್ದೆ ನುಂಗೋ ಬಾಯಿಗೆ ಅಗಿಯೋದು ಕಲಿಸೋದು

ನಮ್ಮ ಕಡೆಯೋರ ಸ್ಪೆಷಲ್ ಸಮಸ್ಯೆ ಇದು. ಮುದ್ದೆ ಅಗಿಯಬಾರದು, ಸಾರಲ್ಲಿ ಅದ್ದಿ ಗುಳುಂ ಅಂತ ನುಂಗ್ಬೇಕು ಅಂತ ಮೂರು ವರ್ಷದ ಮಗುವಿಂದ ಕಲಿಸಿರ್ತಾರೆ, ಮಾಂಸದ ತುಂಡೂ ಅದೇ ಅಭ್ಯಾಸಕ್ಕೆ ಎರಡು ಸಲ ಅಗಿದು ಒಳಗೆ ಹೋಗತ್ತೆ. ಡಯಟೀಷಿಯನ್ ಪ್ರತಿ ತುತ್ತು 25, 30 ಸಲ ಅಗೀಬೇಕು ಅಂದಾಗ ನಾನು ಹ್ಞೂಂ ಅಂದೆ ಅಷ್ಟೇ.

ಮೂರನೇ ತಿಂಗಳಲ್ಲಿ ಚಿಕ್ಕಪ್ಪನ ಮಗನ ಬೀಗರೂಟ. ಒಂದೇ ಒಂದು ತುಂಡು ಮಟನ್ನು, ಹೆಬ್ಬೆರಳಷ್ಟು ಮುದ್ದೆ, ಜೊತೆಗೆ ಮಾತು. ಎರಡನೇ ತುತ್ತಿಗೆ ಎದೆ ಮಧ್ಯ ಯಾರೋ ಕಲ್ಲಿಟ್ಟ ಹಂಗಾಯ್ತು, ಬಾಯಿ ತುಂಬ ನೊರೆನೊರೆ ಜೊಲ್ಲು, ಬಿಕ್ಕಳಿಕೆ, ಕಣ್ಣಲ್ಲಿ ನೀರು. ನೀರು ಕುಡಿದ್ರೆ ಇಳಿಯತ್ತೆ ಅಂತ ಪಕ್ಕದಲ್ಲಿದ್ದ ಮಾವ ಲೋಟ ಹಿಡಿದ್ರು, ಕುಡಿದೆ, ಅದೂ ಅದರ ಮೇಲೆ ನಿಂತ್ಕೊಂಡು ಇನ್ನೂ ಜಾಸ್ತಿ ಆಯ್ತು. ಚೌಲ್ಟ್ರಿ ಹಿಂದೆ ತೊಟ್ಟಿ ಹತ್ರ ಮುಕ್ಕಾಲು ಗಂಟೆ ಕಳೆದೆ, ಒಳಗೆ ಫೋಟೋ ತೆಗೆಸ್ಕೊಳ್ಳೋಕೆ ನನ್ನ ಹುಡುಕ್ತಿದ್ರಂತೆ. ಹಂಗೆ ಸಿಕ್ಕಾಕೊಂಡಾಗ ನೀರು ಕುಡೀಬೇಡಿ, ತಿನ್ನೋದು ನಿಲ್ಲಿಸಿ, ಎದ್ದು ನಿಧಾನಕ್ಕೆ ಓಡಾಡಿ, ಬಹಳಷ್ಟು ಸಲ ತಾನೇ ಇಳಿಯತ್ತೆ ಇಲ್ಲಾ ಮೇಲೆ ಬರತ್ತೆ. ಗಂಟೆಗಟ್ಟಲೆ ಆದ್ರೂ ಇಳೀದೆ ನೀರೂ ಹೋಗದಿದ್ರೆ ಆಸ್ಪತ್ರೆಗೆ ಹೋಗಿ.

ಆವತ್ತಿಂದ ಕಲಿತಿದ್ದು: ತಟ್ಟೆ ಬದಲು ಸಣ್ಣ ಬಟ್ಟಲು, ಊಟದ ಚಮಚದ ಬದಲು ಮಗುವಿನ ಚಮಚ, ಒಂದು ತುತ್ತು ಬಾಯಿಗಿಟ್ಮೇಲೆ ಚಮಚ ಕೆಳಗಿಡೋದು. ಬಾಯಲ್ಲಿ ಪಾಯಸದ ಥರ ಆಗೋವರೆಗೂ ನುಂಗ್ಬಾರದು, ಅಗಿದೂ ಅಗಿದೂ ನಾರು ಉಳೀತು ಅಂದ್ರೆ ಉಗೀರಿ, ನಾಚಿಕೆ ಬೇಡ. 20ರಿಂದ 30 ನಿಮಿಷಕ್ಕೆ ಊಟ ಮುಗೀಲಿ, ಅದಕ್ಕಿಂತ ಎಳೆದ್ರೆ ಸುಮ್ನೆ ಮೆಲುಕು ಹಾಕಿದಂಗೆ. ಹೊಟ್ಟೆ ತುಂಬಿದ್ದು ಮೊದಲಿನ ಥರ ಗೊತ್ತಾಗಲ್ಲ, ನಂಗೆ ಒಂದು ಸೀನು ಬರತ್ತೆ, ಇನ್ನೊಬ್ಬರಿಗೆ ಮೂಗು ಸೋರತ್ತೆ, ಬಿಕ್ಕಳಿಕೆ ಬರತ್ತೆ, ನಿಮ್ಮ ಸಿಗ್ನಲ್ ಯಾವ್ದು ಅಂತ ಕಂಡ್ಕೊಳ್ಳಿ, ಆ ಸಿಗ್ನಲ್ ಬಂದ್ಮೇಲೆ ಇನ್ನೊಂದು ತುತ್ತೂ ಬೇಡ. ಬಟ್ಟಲಲ್ಲಿ ಮೊದ್ಲು ಪ್ರೋಟೀನ್ ತಿನ್ನಿ, ಜಾಗ ಉಳಿದ್ರೆ ತರಕಾರಿ, ಆಮೇಲೂ ಉಳಿದ್ರೆ ಅನ್ನ ಮುದ್ದೆ, ಹೆಚ್ಚಾಗಿ ಉಳಿಯಲ್ಲ.

ಐದನೇ ವಾರದಲ್ಲಿ ನನ್ನ ಒಂದು ದಿನ ಹೀಗಿತ್ತು: ಬೆಳಿಗ್ಗೆ ಏಳಕ್ಕೆ 150 ಎಂಎಲ್ ಹಾಲಿಗೆ ಅರ್ಧ ಸ್ಕೂಪ್ ವೇ ಹಾಕಿ ಒಂದು ಗಂಟೆ ಗುಟುಕರಿಸೋದು, 17 ಗ್ರಾಂ. ಒಂಬತ್ತೂವರೆಗೆ ಆವಿ ಮೊಟ್ಟೆ, 6, ಹಾಲು ಬಿಡಿ ಲೆಕ್ಕಕ್ಕೆ. ಹನ್ನೊಂದೂವರೆಗೆ ಕಟ್ಟಿದ ಮೊಸರು ಹಾಲಿನಪುಡಿ ಜೊತೆ, 6. ಮಧ್ಯಾಹ್ನ 50 ಗ್ರಾಂ ಮೀನು, 10. ನಾಕೂವರೆಗೆ ಇನ್ನರ್ಧ ಸ್ಕೂಪ್ ಮಜ್ಜಿಗೇಲಿ, 12. ಸಂಜೆ ಏಳೂವರೆಗೆ 40 ಗ್ರಾಂ ಪನೀರ್ ಹಿಸುಕಿ ಎರಡು ಚಮಚ ತೊವ್ವೆ ಜೊತೆ, 7 ಚಿಲ್ರೆ. ಮಲಗೋ ಮುಂಚೆ ಮತ್ತೆ ಸ್ವಲ್ಪ ಹಾಲು, 4. ಕೂಡಿದ್ರೆ 62. ಪ್ರತಿ ದಿನ ಹಿಂಗೇ ಆಗ್ತಿತ್ತು ಅಂತ ಅಂದ್ಕೋಬೇಡಿ, 45ಕ್ಕೆ ಸುಸ್ತಾಗಿ ಮಲಗಿದ ದಿನಗಳು ಬೇಕಾದಷ್ಟಿವೆ, ಮಾರನೇ ದಿನ ಸರಿ ಮಾಡ್ಕೊಳ್ಳೋದು.

ಪ್ರೋಟೀನ್ ತಿಂದ್ವಿ ಅಂತ ವಿಟಮಿನ್ ಮಾತ್ರೆ ಬಿಡೋ ಹಂಗಿಲ್ಲ, ಬಿ12, ಐರನ್, ಕ್ಯಾಲ್ಸಿಯಂ, ಡಿ ಎಲ್ಲಾ ಬೇಕು, ಐರನ್ನೂ ಕ್ಯಾಲ್ಸಿಯಮ್ಮೂ ಒಟ್ಟಿಗೆ ನುಂಗ್ಬೇಡಿ, ಎರಡು ಗಂಟೆ ಗ್ಯಾಪ್ ಇರಲಿ. ದಿನಾ ವಾಂತಿ ಆಗ್ತಿದ್ರೆ ಸರ್ಜರಿ ಆದ್ಮೇಲೆ ಇದೆಲ್ಲ ಮಾಮೂಲಿ ಅಂತ ಕೂರ್ಬೇಡಿ, ಬಿ1 ವಿಟಮಿನ್ ಕುಸಿದು ನರಕ್ಕೆ, ಮೆದುಳಿಗೆ ಹೊಡೆತ ಬೀಳತ್ತೆ. ಮೊದಲ ವಾರಗಳಲ್ಲಿ ಜ್ವರ, ಸುಮ್ನೆ ಕೂತಿದ್ರೂ ಎದೆಬಡಿತ ಜೋರು, ಹೊಟ್ಟೆ ನೋವು ಜಾಸ್ತಿ ಆಗ್ತಾ ಹೋಗೋದು, ಎಡ ಭುಜ ನೋವು ಇವೆಲ್ಲ ಒಳಗೆ ಲೀಕ್ ಆಗಿರೋ ಲಕ್ಷಣ ಇರಬಹುದು, ಬೆಳಗಾಗ್ಲಿ ನೋಡೋಣ ಅನ್ನದೆ ರಾತ್ರಿನೇ ಹೊರಡಿ.

ಇನ್ನು ಉಳಿದಿದ್ದು ನೆಂಟರು. ಮದುವೆ ಮನೆಗೆ ಹೋಗೋ ಮುಂಚೆ ಮನೇಲೇ ನಿಮ್ಮ ಬಟ್ಟಲು ಮುಗಿಸಿ, ಬ್ಯಾಗಲ್ಲಿ ಒಂದು ಸ್ಯಾಶೆ ಪೌಡರು, ಮುಚ್ಚಳ ಇರೋ ಸಣ್ಣ ಬಾಟಲ್ ಇಟ್ಕೊಳ್ಳಿ. ಎಲೆ ಮುಂದೆ ಕೂರಲೇಬೇಕಾಗಿ ಬಂದ್ರೆ ಬಡಿಸೋಕೆ ಬಂದ ಅತ್ತೆಗೆ ಡಯಟ್ಟು ಅಂತ ಹೇಳ್ಬೇಡಿ, ಡಯಟ್ಟು ಅಂದ್ರೆ ಇನ್ನೊಂದು ಸೌಟು ಬೀಳತ್ತೆ, "ಹೊಟ್ಟೆ ಆಪರೇಷನ್ ಆಗ್ಯದೆ ಕಣತ್ತೆ, ಹೊಲಿಗೆ ಅದೆ" ಅನ್ನಿ, ಸೌಟು ತಾನಾಗೇ ಹಿಂದಕ್ಕೆ ಹೋಗತ್ತೆ. ನಾನು ಒಂದೂವರೆ ವರ್ಷ ಆದ್ರೂ ಇನ್ನೂ ಅದೇ ಹೇಳ್ತಿದೀನಿ.